ಉಳಿದದ್ದು, ಉಳಿಸಿದ್ದು

ಅಡಿಗೆಮನೆಯಲ್ಲಿ ಹುಟ್ಟುವ ಪ್ರಶ್ನೆಗಳು ತತ್ತ್ವಶಾಸ್ತ್ರದ ಗ್ರಂಥಗಳಿಗೆ ಏರುವುದು ಅಪರೂಪ. ಸತ್ಯವೆಂದರೇನು, ಧರ್ಮವೆಂದರೇನು, ಆತ್ಮಕ್ಕೆ ಸಾವುಂಟೆ ಎಂದು ಕೇಳುವವರಿಗೆ ನಮ್ಮಲ್ಲಿ ಮರ್ಯಾದೆಯಿದೆ. ನಿನ್ನೆಯ ಸಾರು ಮಿಕ್ಕಿದೆ, ಏನು ಮಾಡಲಿ ಎಂದು ಕೇಳುವ ಗೃಹಿಣಿಗೆ ಆ ಮರ್ಯಾದೆಯಿಲ್ಲ. ಮೊದಲಿನ ಪ್ರಶ್ನೆಗಳಿಗೆ ಉತ್ತರ ಹೇಳದೆ ಒಂದು ಜನ್ಮವನ್ನೇ ಕಳೆಯಬಹುದು. ಹಾಗೆ ಕಳೆದವರೂ ಇದ್ದಾರೆ. ಆದರೆ ಎರಡನೆಯದಕ್ಕೆ ಬೆಳಗಾಗುವುದರೊಳಗೆ ಉತ್ತರ ಹೇಳಲೇಬೇಕು. ನಾವು ಹೇಳದಿದ್ದರೆ ಸಾರೇ ಹೇಳುತ್ತದೆ.

ಅನ್ನ ಮಿಕ್ಕರೆ ಅಷ್ಟು ತೊಂದರೆಯಿಲ್ಲ. ಬೆಳಿಗ್ಗೆ ಒಗ್ಗರಣೆ ಬಿದ್ದು ಅದು ಚಿತ್ರಾನ್ನವಾಗುತ್ತದೆ. ರಾತ್ರಿ ಬೇಡವೆಂದು ತಳ್ಳಿದ್ದಕ್ಕೆ ಮಕ್ಕಳು ಬೆಳಿಗ್ಗೆ ಜಗಳವಾಡುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ರಾತ್ರಿಯ ರಾಗಿಮುದ್ದೆ ಉಳಿದರೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಡಿದುಕೊಂಡು ಕುಡಿದು ಹೊಲಕ್ಕೆ ಹೋಗುವವರು ಇಂದಿಗೂ ಇದ್ದಾರೆ. ಅದನ್ನು ತಂಗಳೆಂದು ಕರೆದರೂ ಆ ಹೆಸರಿನಲ್ಲಿ ಅವಮಾನವಿಲ್ಲ. ಮಾಂಸ ಮಿಕ್ಕಾಗ ಮಾತು ಬೇರೆ. ಅದಕ್ಕೆ ಹೆಚ್ಚು ಬೆಲೆ ತೆತ್ತಿರುತ್ತೇವೆ. ಅದು ಬೇಗ ಕೆಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕಾಗಿ ಒಂದು ಜೀವ ಹೋಗಿರುತ್ತದೆ. ಕೊಲ್ಲುವುದು ಸರಿಯೆ ತಪ್ಪೆ ಎಂಬ ವಾದ ಬಹಳ ಹಳೆಯದು. ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಮಾಂಸ ತಿನ್ನುವವನೂ ತಿನ್ನದವನೂ ಒಪ್ಪಬಹುದಾದ ಮಾತೊಂದುಂಟು: ಕೊಂದು ತಿನ್ನುವುದಕ್ಕಿಂತ ಕೊಂದು ಎಸೆಯುವುದು ಕೀಳು.

ಈ ವಿಷಯದಲ್ಲಿ ಆಂಗ್ಲರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಭಾನುವಾರ ದನದ ಮಾಂಸದ ದೊಡ್ಡದೊಂದು ತುಂಡನ್ನು ಇಡಿಯಾಗಿ ಸುಟ್ಟು, ಮನೆಮಂದಿಯೆಲ್ಲ ಕುಳಿತು ತಿಂದು, ಉಳಿದದ್ದನ್ನು ವಾರದ ಉದ್ದಕ್ಕೂ ಎಳೆಯುವುದು ಅವರ ಮಧ್ಯಮವರ್ಗದ ಸಂಸಾರಸೂತ್ರವಾಗಿತ್ತು. ಸೋಮವಾರ ತೆಳ್ಳಗೆ ಸೀಳಿ ತಣ್ಣಗೇ ತಿನ್ನುವುದು. ಮಂಗಳವಾರ ಕೊಚ್ಚಿ, ಬೇಯಿಸಿದ ಆಲೂಗಡ್ಡೆಯ ಹೊದಿಕೆಯ ಕೆಳಗೆ ಮುಚ್ಚುವುದು. ಬುಧವಾರ ಎಲೆಕೋಸಿನೊಡನೆ ಬಾಣಲೆಗೆ ಹಾಕುವುದು. ಕೊನೆಗೆ ಎಲುಬನ್ನು ಸಾರಿಗೆ ಇಳಿಸುವುದು. ೧೮೬೧ರಲ್ಲಿ ಪುಸ್ತಕರೂಪದಲ್ಲಿ ಬಂದ ಮಿಸೆಸ್ ಬೀಟನ್ನಳ ಗೃಹಕೃತ್ಯದ ಗ್ರಂಥದಲ್ಲಿ ಇಂಥ ಪಾಕಗಳಿಗೆ 'ತಣ್ಣನೆಯ ಮಾಂಸದ ಅಡಿಗೆ' ಎಂದೇ ಗುರುತು ಹಾಕಿದೆ. ಆ ಜನ ನಮ್ಮ ದೇಶಕ್ಕೆ ಬಂದಾಗ ಈ ಚಿಂತೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದರು. ೧೮೭೮ರಲ್ಲಿ ಮದರಾಸಿನಲ್ಲಿ ಪಾಕಗ್ರಂಥವೊಂದನ್ನು ಪ್ರಕಟಿಸಿದ ಕೆನ್ನಿ-ಹರ್ಬರ್ಟ್ ಎಂಬ ಸೇನಾಧಿಕಾರಿ ಮಿಕ್ಕ ಮಾಂಸದ ಮರುಪಾಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಇಲ್ಲಿನ ಈರುಳ್ಳಿ, ಮೆಣಸಿನಕಾಯಿಗಳ ಸಹವಾಸದಲ್ಲಿ ಆ ತಣ್ಣನೆಯ ತುಂಡುಗಳು ಜಾಲ್‌ಫ್ರೇಜಿಯಾದವು. ಇಂದು ಹೋಟೆಲುಗಳಲ್ಲಿ ಹೊಸ ಕೋಳಿಮಾಂಸದಿಂದ ಅದನ್ನು ಮಾಡಿ ಹೆಚ್ಚಿನ ಬೆಲೆಗೆ ಬಡಿಸುತ್ತಾರೆ. ಅದು ಹುಟ್ಟಿದ್ದು ನಿನ್ನೆಯ ತಟ್ಟೆಯಲ್ಲಿ ಎಂಬುದನ್ನು ತಿನ್ನುವವರೂ ಮರೆತಿದ್ದಾರೆ, ಬಡಿಸುವವರೂ ಮರೆತಿದ್ದಾರೆ.

ಆ ಊಟದ ಮೇಜಿನ ಸಂಸ್ಕೃತಿ ನಮ್ಮ ಗಡಿಜಿಲ್ಲೆಗೂ ಬಂದಿತ್ತು. ೧೮೭೦ರ ದಶಕದಲ್ಲಿ ಚಾಮರಾಜನಗರದ ಬಳಿ ಬೀಡುಬಿಟ್ಟು ಆನೆಗಳ ಖೆಡ್ಡಾ ನಡೆಸಿದ ಸ್ಯಾಂಡರ್ಸನ್, ಬಿಳಿಗಿರಿರಂಗನ ಬೆಟ್ಟದ ಮೇಲೆ ಕಾಫಿತೋಟ ಮಾಡಿದ ಮಾರಿಸ್ ಮನೆತನ, ಬೇಸಗೆ ಬಂತೆಂದರೆ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಊಟಿಯ ತಂಪಿಗೆ ಏರುತ್ತಿದ್ದ ದೊರೆಗಳು—ಇವರೆಲ್ಲ ಆ ಮೇಜಿನವರೇ. ಅವರು ಹೋದರು. ಈಗ ನಮ್ಮ ರಾಜ್ಯದಲ್ಲಿ ೨೦೨೦ರಲ್ಲಿ ರೂಪುಗೊಂಡು ೨೦೨೧ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ, ೧೩ ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಬೇರೆ ದನವನ್ನು ಕಡಿಯುವಂತಿಲ್ಲ. ಕಾಯಿದೆಯ ಗುಣದೋಷ ಬೇರೊಂದು ಬರಹದ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟೆ: ಆಂಗ್ಲರು ಬರುವುದಕ್ಕೆ ಬಹಳ ಹಿಂದಿನಿಂದಲೂ ಈ ನೆಲದಲ್ಲಿ ಮಾಂಸ ತಿನ್ನುವವರಿದ್ದರು, ಅದನ್ನು ಕಾಪಾಡುವ ವಿದ್ಯೆ ಬಲ್ಲವರೂ ಇದ್ದರು. ಅವರ ವಿದ್ಯೆಗೆ ಉಪ್ಪುಕಂಡವೆಂದು ಹೆಸರು.

ಉಪ್ಪುಕಂಡವೆಂದರೆ ಮಾಂಸವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೋ ಒಲೆಯ ಮೇಲಿನ ಹೊಗೆಗೋ ಕಟ್ಟುವುದು. ಉಪ್ಪು ಮಾಂಸದ ನೀರನ್ನು ಹೊರಕ್ಕೆಳೆಯುತ್ತದೆ, ಬಿಸಿಲು ಅದನ್ನು ಕುಡಿಯುತ್ತದೆ. ನೀರಿಲ್ಲದ ಕಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಹೀಗೆ ಒಣಗಿದ್ದು ತಿಂಗಳುಗಟ್ಟಲೆ ಇರುತ್ತದೆ. ಹೊರಗೆ ಜಡಿಮಳೆ ಹಿಡಿದು ಕೂಲಿಯಿಲ್ಲದ ದಿನ ಎರಡು ತುಂಡನ್ನು ಕೆಂಡದ ಮೇಲೆ ಸುಟ್ಟೋ, ಜಜ್ಜಿ ಹುರುಳಿಯ ಸಾರಿಗೆ ಬಿಟ್ಟೋ ಇಡೀ ಮನೆ ಮುದ್ದೆ ಉಂಡು ಮಲಗುತ್ತದೆ. ನಾವು ಗಮನಿಸಬೇಕಾದ ಅಂಶ ಇದರ ರುಚಿಯಲ್ಲ, ಕಾಲ. ಆಂಗ್ಲರ ಗೃಹಿಣಿ ಮಾಂಸದ ಮುಂದಿನ ಗತಿಯನ್ನು ಯೋಚಿಸುತ್ತಿದ್ದುದು ಎಲ್ಲರೂ ತಿಂದು ಎದ್ದ ಮೇಲೆ. ಉಪ್ಪುಕಂಡ ಮಾಡುವಾಕೆ ಯೋಚಿಸುವುದು ಒಬ್ಬರೂ ಊಟಕ್ಕೆ ಕೂರುವ ಮೊದಲು. ಇಬ್ಬರೂ ಮಿತವ್ಯಯಿಗಳೇ, ಇಬ್ಬರೂ ಜಾಣೆಯರೇ. ಆದರೆ ಒಬ್ಬಳ ಕೈಯಲ್ಲಿರುವುದು ಉಳಿದದ್ದು, ಇನ್ನೊಬ್ಬಳ ಕೈಯಲ್ಲಿರುವುದು ಉಳಿಸಿದ್ದು.

ಇಲ್ಲಿ ಕನ್ನಡದ ವ್ಯಾಕರಣವೇ ನೀತಿಯನ್ನು ಹೇಳುತ್ತದೆ. 'ಉಳಿ' ಎಂಬ ಧಾತುವಿಗೆ ಒಂದು 'ಇಸು' ಸೇರಿದರೆ ಲೋಕವೇ ಬದಲಾಗುತ್ತದೆ. ಉಳಿದದ್ದಕ್ಕೆ ಯಾರೂ ಹೊಣೆಯಲ್ಲ. ಅದು ಹಸಿವಿನ ಲೆಕ್ಕ ತಪ್ಪಿ ತಾನಾಗಿ ಬಿದ್ದುಕೊಂಡದ್ದು. ಉಳಿಸಿದ್ದಕ್ಕೆ ಒಬ್ಬ ಕರ್ತೃವಿದ್ದಾನೆ. ಅವನ ಮನಸ್ಸಿನಲ್ಲಿ ಇನ್ನೊಬ್ಬರ ಮುಖವಿದೆ, ಅಥವಾ ಬರಲಿರುವ ಒಂದು ದಿನವಿದೆ. ಶಾಲೆಯಿಂದ ತಡವಾಗಿ ಬರುವ ಮಗನಿಗೆಂದು ತಾಯಿ ಮೊದಲೇ ಎತ್ತಿಟ್ಟ ತುಂಡಿಗೂ, ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಸಿಕ್ಕ ತುಂಡಿಗೂ ತೂಕ ಒಂದೇ, ರುಚಿಯೂ ಒಂದೇ. ಆದರೂ ತನ್ನ ತಟ್ಟೆಗೆ ಬಿದ್ದದ್ದು ಯಾವುದೆಂದು ಮಗನಿಗೆ ತಿಳಿಯುತ್ತದೆ. ಮನುಷ್ಯ ನಾಲಗೆಯಿಂದ ಮಾತ್ರ ಉಣ್ಣುವುದಿಲ್ಲ.

ಹಾಗಾದರೆ ಉಳಿದದ್ದು ಯಾರಿಗೆ ಸೇರಬೇಕು? ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಏಕೆಂದರೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅದು ಕೊನೆಗೆ ಕೂರುವವಳಿಗೆ ಸೇರುತ್ತದೆ. ಗಂಡಸರು, ಮಕ್ಕಳು, ಬಂದವರು ಎದ್ದ ಮೇಲೆ ಅಡಿಗೆ ಮಾಡಿದವಳು ಪಾತ್ರೆಯ ತಳ ಕೆರೆಯುತ್ತಾಳೆ. ಹುಡುಗಿ ಮದುವೆಯಾಗಿ ಬಂದ ವರ್ಷದಿಂದ ಹಣ್ಣುಮುದುಕಿಯಾಗುವವರೆಗೂ ಹೀಗೆಯೇ. ಸಾರಿನಲ್ಲಿ ಹೋಳು ಉಳಿಯದ ದಿನ ಬರಿಯ ನೀರಿನಲ್ಲಿ ಮುದ್ದೆ ಅದ್ದುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ಆಕೆಗಾಗಿ ಒಂದು ಹೋಳನ್ನು ಎತ್ತಿಡುವುದು ಅದಕ್ಕಿಂತಲೂ ಸುಲಭ. ಹಾಗೆ ಮಾಡುವವರು ಕಡಿಮೆ. ಹೊಗಳಿಕೆಗೆ ಖರ್ಚಿಲ್ಲ, ಹೋಳಿಗೆ ಖರ್ಚಿದೆ.

ಮನೆಯ ಹೊರಗೂ ಉಳಿದದ್ದು ಇಳಿಜಾರಿನ ನೀರಿನಂತೆ ಕೆಳಕ್ಕೇ ಹರಿದಿದೆ. ನಮ್ಮ ಹಳ್ಳಿಗಳಲ್ಲಿ ಜೀತದಾಳಿಗೆ ಹಿತ್ತಿಲ ಬಾಗಿಲಲ್ಲಿ ಮೇಲಿನಿಂದ ಸುರಿದ ತಂಗಳೂ ಕೂಲಿಯ ಲೆಕ್ಕಕ್ಕೆ ಸೇರುತ್ತಿತ್ತು. ಧಣಿಯ ಕೊಟ್ಟಿಗೆಯಲ್ಲಿ ದನ ಸತ್ತರೆ ಅದನ್ನು ಎಳೆದು ಹಾಕುವ ಕೆಲಸ ಹೊಲಗೇರಿಯವರದು. ಆ ಬಿಟ್ಟಿ ಕೆಲಸದ ಪ್ರತಿಫಲವೆಂಬಂತೆ ಸತ್ತ ದನದ ಮಾಂಸವೂ ಅವರದು. ದನ ದುಡಿಯುತ್ತಿದ್ದಷ್ಟು ಕಾಲ ಅದರ ಹಾಲೂ ಬಲವೂ ಒಬ್ಬನಿಗೆ, ಬಿದ್ದ ಮೇಲೆ ಉಳಿದದ್ದು ಇನ್ನೊಬ್ಬನಿಗೆ. ಅಷ್ಟೇ ಅಲ್ಲ, ಅದನ್ನು ತಿಂದನೆಂಬ ಕಾರಣಕ್ಕೇ ಅವನು ಮುಟ್ಟಬಾರದವನು. ತಾನೇ ಕೊಟ್ಟು, ತೆಗೆದುಕೊಂಡದ್ದಕ್ಕೆ ತಾನೇ ಹೇಸುವುದು—ಇಂಥ ದಾನವನ್ನು ಜಗತ್ತಿನ ಬೇರೆ ಕಡೆ ಹುಡುಕುವುದು ಕಷ್ಟ. ೧೯೨೭ರ ಮಾರ್ಚಿನಲ್ಲಿ ಮಹಾಡಿನಲ್ಲಿ ಸೇರಿದ ಸಮ್ಮೇಳನದಲ್ಲಿ ಅಂಬೇಡ್ಕರರು ತಮ್ಮ ಜನಕ್ಕೆ ಸತ್ತ ದನದ ಮಾಂಸವನ್ನೂ ಪರರ ಎಂಜಲು ತುಣುಕುಗಳನ್ನೂ ಬಿಡಬೇಕೆಂದು ಹೇಳಿದರು. ಹೊಟ್ಟೆ ತುಂಬಿದವರಿಗೆ ಆ ಮಾತಿನ ಭಾರ ತಿಳಿಯುವುದಿಲ್ಲ. ಹಸಿದವನು ಪುಕ್ಕಟೆಯ ಮಾಂಸವನ್ನು ಬೇಡವೆನ್ನುವುದೆಂದರೆ ಮಕ್ಕಳ ಮುಂದಿನ ತಟ್ಟೆಯನ್ನು ಬರಿದು ಮಾಡಿ ಅವರ ಬೆನ್ನನ್ನು ನೇರ ಮಾಡುವುದು. ಅವರು ಬಿಡಿಸಿದ್ದು ಆಹಾರವನ್ನಲ್ಲ, ಆಹಾರದ ಜೊತೆಗೆ ಬರುತ್ತಿದ್ದ ಸ್ಥಾನವನ್ನು. ಜೀತಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು ಅದಾದ ಎಷ್ಟೋ ಕಾಲದ ಮೇಲೆ, ೧೯೭೬ರಲ್ಲಿ.

ಗುಂಡ್ಲುಪೇಟೆಯ ಪಕ್ಕದ ನಂಜನಗೂಡು ಸೀಮೆಯವರಾದ ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಒಂದು ದಲಿತ ಕುಟುಂಬ ಕದ್ದು ತಂದ ಮೂಟೆ ಕಡಲೆಕಾಯನ್ನು ಒಂದೇ ರಾತ್ರಿಯಲ್ಲಿ ಬೆಂಕಿಯ ಸುತ್ತ ಕುಳಿತು ತಿಂದು ಮುಗಿಸುತ್ತದೆ. ಸಿಪ್ಪೆಯೂ ಬೆಂಕಿಗೆ ಹೋಗುತ್ತದೆ. ಏನೂ ಉಳಿಯಬಾರದು, ಉಳಿದರೆ ಅದೇ ಸಾಕ್ಷಿ. ನಮ್ಮ ನಿಮ್ಮಂಥವರಿಗೆ ಉಳಿದದ್ದು ಒಂದು ಚಿಂತೆಯಾದರೆ, ಉಳಿಯುವುದೇ ಅಪರಾಧವಾಗುವ ಮನೆಗಳೂ ಇವೆ ಎಂಬುದನ್ನು ಆ ಕಥೆ ಓದಿದವರು ಮರೆಯಲಾರರು. ಮಿಕ್ಕದ್ದನ್ನು ಏನು ಮಾಡಲಿ ಎಂದು ಕೇಳಬಲ್ಲವನು ಆ ಪ್ರಶ್ನೆಯಿಂದಲೇ ತಾನು ಉಳ್ಳವನೆಂದು ಒಪ್ಪಿಕೊಂಡಂತಾಯಿತು.

ಇದಕ್ಕೆ ವ್ಯವಹಾರಜ್ಞರು ಒಂದು ಆಕ್ಷೇಪ ತರಬಹುದು. "ನೀವು ಹೇಳುವ ಸೂಕ್ಷ್ಮವೆಲ್ಲ ಹೊಟ್ಟೆ ತುಂಬಿದವರ ಸೂಕ್ಷ್ಮ. ಹಸಿದವನು ಇದು ಉಳಿದದ್ದೋ ಉಳಿಸಿದ್ದೋ ಎಂದು ಕೇಳುತ್ತಾನೆಯೆ? ಮದುವೆಯ ಛತ್ರದಲ್ಲಿ ನೂರು ಜನರ ಊಟ ಮಿಕ್ಕಿರುತ್ತದೆ. ನಿಮ್ಮ ವ್ಯಾಕರಣ ಮುಗಿಯುವವರೆಗೆ ಅದನ್ನು ಹಳಸಲು ಬಿಡಬೇಕೆ?" ಖಂಡಿತ ಬಿಡಬಾರದು. ಚೆನ್ನಾಗಿರುವ ಅನ್ನ ಹಸಿದವನನ್ನು ಮುಟ್ಟುವುದೇ ಸರಿ, ಎಷ್ಟು ಬೇಗ ಮುಟ್ಟಿದರೆ ಅಷ್ಟು ಒಳ್ಳೆಯದು. ಬೇಯಿಸಿದ ಮಾಂಸವನ್ನು ಹೊರಗಿಟ್ಟು ಎರಡು ಗಂಟೆ ಮೀರಿದರೆ ಅಪಾಯವೆಂದು ವೈದ್ಯರು ಹೇಳುತ್ತಾರೆ. ದಾನಿಯ ಮನಸ್ಸು ಕರಗುವವರೆಗೆ ಜೀವಾಣು ಕಾಯುವುದಿಲ್ಲ. ಹಸಿದವನು ಏನನ್ನೂ ಕೇಳಬೇಕಾಗಿಲ್ಲ; ಕೇಳಿಕೊಳ್ಳಬೇಕಾದವನು ಕೊಡುವವನು. ಅವನು ತಿಳಿಯಬೇಕಾದದ್ದು, ಛತ್ರದ ಮಿಕ್ಕ ಊಟವನ್ನು ಹಂಚಿದಾಗ ತಾನು ಮಾಡಿದ್ದು ದಾನವಲ್ಲ, ತಪ್ಪಿದ ಲೆಕ್ಕಕ್ಕೆ ಒಂದು ತೇಪೆ ಎಂದು. ತೇಪೆ ಒಳ್ಳೆಯದೇ, ಅದನ್ನು ಪೀತಾಂಬರವೆಂದು ಕರೆಯಬಾರದು, ಅಷ್ಟೆ. ಬಿಸಾಡಿದ್ದರೂ ತನಗೆ ನಷ್ಟವಿಲ್ಲದ ವಸ್ತುವನ್ನು ಕೊಟ್ಟು ಕೃತಜ್ಞತೆಯನ್ನು ನಿರೀಕ್ಷಿಸುವವನು ವ್ಯಾಪಾರದಲ್ಲಿ ಬಹಳ ಗಟ್ಟಿಗ. ನಮ್ಮ ಜನ ಜಿಪುಣನನ್ನು ಎಂಜಲು ಕೈಯಲ್ಲಿ ಕಾಗೆ ಹೊಡೆಯದವನು ಎನ್ನುತ್ತಾರೆ. ಕೈಗಂಟಿದ ಅಗುಳು ಎಲ್ಲಿ ಉದುರೀತೋ ಎಂಬ ಭಯ ಅವನಿಗೆ. ಎಂಜಲು ಕೈಯನ್ನು ಮಾತ್ರ ಕೊಡವಿ ಧರ್ಮಿಷ್ಠನೆನ್ನಿಸಿಕೊಳ್ಳುವವನಿಗೂ ಒಂದು ಗಾದೆ ಬೇಕಾಗಿತ್ತು.

ಕೊಡುವವನಿಗೆ ಒಂದು ಸುಲಭವಾದ ಒರೆಗಲ್ಲುಂಟು: ಇದನ್ನು ನಾನು ಅವನ ಪಕ್ಕದಲ್ಲಿ ಕುಳಿತು ತಿನ್ನುತ್ತೇನೆಯೆ? ಹೌದಾದರೆ ಅದು ಅನ್ನ. ಇಲ್ಲವಾದರೆ ಅದು ಎಂಜಲು, ಯಾರೂ ಬಾಯಿ ಹಾಕದಿದ್ದರೂ ಎಂಜಲು. ಈ ಒರೆಗಲ್ಲನ್ನು ಪಂಡಿತರಿಗಿಂತ ಮೊದಲೇ ಕಂಡುಕೊಂಡವರು ಈ ಜಿಲ್ಲೆಯ ಜನ. ಕೊಳ್ಳೇಗಾಲದಾಚೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ಸಿದ್ಧಪ್ಪಾಜಿಯ ಜಾತ್ರೆ ನಡೆಯುತ್ತದೆ. ಸಿದ್ಧಪ್ಪಾಜಿ ಮಂಟೇಸ್ವಾಮಿಯ ಶಿಷ್ಯ. ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ವೇಷದಲ್ಲಿ ಕಲ್ಯಾಣದ ಶರಣರ ಬಾಗಿಲಿಗೆ ಹೋಗಿ ಅವರ ಸಮತೆಯನ್ನು ಪರೀಕ್ಷಿಸಿದನೆಂದು ನೀಲಗಾರರು ಇಂದಿಗೂ ಹಾಡುತ್ತಾರೆ. ಆ ಜಾತ್ರೆಯ ಒಂದು ದಿನ ಪಂಕ್ತಿಸೇವೆ. ಬಯಲಿನ ತುಂಬ ಬಿಡಾರ ಹೂಡಿದ ಒಕ್ಕಲುಗಳು ಬಾಡಿನ ಅಡಿಗೆ ಮಾಡಿ, ನೆಂಟರನ್ನೂ ಪಕ್ಕದ ಬಿಡಾರದವರನ್ನೂ ಕರೆದು, ಜಾತಿ ಕೇಳದೆ ಸಾಲಿನಲ್ಲಿ ಕೂರಿಸಿ ಉಣ್ಣುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಪ್ರಾಣಿವಧೆಯ ಬಗ್ಗೆ ತಕರಾರೆದ್ದು ನ್ಯಾಯಾಲಯದವರೆಗೂ ಹೋಗಿದೆ. ಆ ತಕರಾರು ಏನೇ ಇರಲಿ, ಪಂಕ್ತಿಯ ಅರ್ಥವನ್ನು ಮರೆಯಬಾರದು. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತರೆ ಉಳಿದದ್ದು ಕೆಳಕ್ಕೆ ಹರಿಯುವುದು ಹೇಗೆ? ಕೆಳಗೆ ಎಂಬುದೇ ಅಲ್ಲಿಲ್ಲ.

ಊರನ್ನು ಬಿಟ್ಟು ಕಾಡಿಗೆ ಬಂದರೆ ಈ ಪಂಕ್ತಿ ಇನ್ನೂ ದೊಡ್ಡದಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎತ್ತರದ ಮರದಿಂದ ಜೇನು ಇಳಿಸಿದಾಗ ಒಂದು ಪಾಲನ್ನು ಹುಲಿಗೆಂದು ನೆಲದ ಮೇಲೆ ಬಿಡುತ್ತಾರಂತೆ. ಹುಲಿಗೆ ಮರ ಹತ್ತಲು ಬಾರದು ಎಂಬುದು ಅವರು ಕೊಡುವ ಕಾರಣ. ಗೆಡ್ಡೆಗೆಣಸು ಅಗೆದಾಗಲೂ ಒಂದು ತುಂಡನ್ನು ಮಣ್ಣಿನಲ್ಲೇ ಬಿಡುತ್ತಾರೆ. ಮರುವರ್ಷ ಅದು ಚಿಗುರಬೇಕಲ್ಲ. ಹುಲಿ ನಿಜವಾಗಿ ಬಂದು ಜೇನು ನೆಕ್ಕುತ್ತದೆಯೆ ಎಂದು ಪ್ರಾಣಿಶಾಸ್ತ್ರಜ್ಞ ಕೇಳಬಹುದು. ಆ ಪ್ರಶ್ನೆಗಿಂತ ಮುಖ್ಯವಾದದ್ದು, ಮರದಿಂದ ಇಳಿದವನಿಗೆ ತನ್ನ ಬುಟ್ಟಿ ತುಂಬುವ ಮೊದಲೇ ಹುಲಿಯ ನೆನಪು ಬಂತು ಎಂಬುದು. ಅದು ಉಳಿದ ಜೇನಲ್ಲ, ಉಳಿಸಿದ ಜೇನು. ೨೦೧೧ರಲ್ಲಿ ಆ ಅರಣ್ಯದ ಮೇಲೆ ಸೋಲಿಗರಿಗೆ ಸಾಮುದಾಯಿಕ ಹಕ್ಕು ದೊರೆತಾಗ, ಹುಲಿಗೆ ಮೀಸಲಾದ ಕಾಡಿನಲ್ಲಿ ಮನುಷ್ಯನಿಗೂ ಪಾಲುಂಟೆಂದು ಸರ್ಕಾರವೂ ಒಪ್ಪಿದಂತಾಯಿತು. ಹುಲಿಗೆ ಪಾಲುಂಟೆಂದು ಸೋಲಿಗರು ಅದಕ್ಕೂ ಬಹಳ ಹಿಂದೆಯೇ ಒಪ್ಪಿದ್ದರು.

ಹುಲಿಯಾದರೂ ದುಂದುಗಾರನಲ್ಲ. ಕೊಂದ ಪ್ರಾಣಿಯನ್ನು ಪೊದೆಯ ಮರೆಗೆ ಎಳೆದು, ಹಿಂಭಾಗದಿಂದ ತಿನ್ನಲು ತೊಡಗಿ, ಹೊಟ್ಟೆ ತುಂಬಿದ ಮೇಲೆ ಹತ್ತಿರದಲ್ಲೇ ಮಲಗಿ, ಮತ್ತೆ ಬಂದು ತಿಂದು, ಮೂರು ನಾಲ್ಕು ದಿನ ಒಂದೇ ಬೇಟೆಯಲ್ಲಿ ಕಳೆಯುತ್ತದೆ. ಅದು ಬಿಟ್ಟದ್ದಕ್ಕೆ ನರಿ, ಕಾಡುಹಂದಿ, ಕೊನೆಗೆ ರಣಹದ್ದು. ಹಿಂದೆ ಊರಿನ ದನ ಸತ್ತರೂ ರಣಹದ್ದು ಬಂದು ಸ್ವಲ್ಪ ಹೊತ್ತಿನಲ್ಲೇ ಎಲುಬನ್ನು ಸ್ವಚ್ಛ ಮಾಡಿ ಹೋಗುತ್ತಿತ್ತು. ದನದ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮೈಯಲ್ಲಿ ಉಳಿದು, ತಿಂದ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸಿ, ದೇಶದ ಆಕಾಶದಿಂದಲೇ ಆ ಹಕ್ಕಿಯನ್ನು ಬಹುಮಟ್ಟಿಗೆ ಅಳಿಸಿತು. ೨೦೦೬ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಬಂಡೀಪುರ ಮತ್ತು ಅದರಾಚೆಯ ಮೋಯಾರ್ ಕಣಿವೆಯಲ್ಲಿ ಕೆಲವು ಬದುಕಿಕೊಂಡಿವೆ. ಆ ಔಷಧ ಕೊಟ್ಟವನಿಗೆ ಹದ್ದಿನ ಮೇಲೆ ದ್ವೇಷವಿರಲಿಲ್ಲ. ತನ್ನ ಹಟ್ಟಿಯಿಂದ ಹೊರಗೆ ಹೋದ ವಸ್ತುವನ್ನು ಮುಂದೆ ಯಾರು ತಿನ್ನುತ್ತಾರೆಂಬ ಯೋಚನೆಯಿರಲಿಲ್ಲ, ಅಷ್ಟೆ.

ದ್ವೇಷವೂ ಸೇರಿದರೆ ಏನಾಗುತ್ತದೆಂಬುದನ್ನು ಇದೇ ಜಿಲ್ಲೆ ಕಂಡಿತು. ೨೦೨೫ರ ಜೂನ್ ೨೬ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಉಳಿದ ಮಾಂಸಕ್ಕೆ ವಿಷ ಬೆರೆಸಿದ್ದ ಆರೋಪದ ಮೇಲೆ ಕೆಲವರನ್ನು ಬಂಧಿಸಲಾಯಿತು. ಹುಲಿ ತನ್ನ ಸ್ವಭಾವದಂತೆ ಉಳಿದದ್ದಕ್ಕೆ ಹಿಂದಿರುಗಿತ್ತು, ಈ ಸಲ ಮರಿಗಳನ್ನೂ ಕರೆದುಕೊಂಡು. ಮಹದೇಶ್ವರನಿಗೆ ಹುಲಿ ವಾಹನವಾದ ಕಾಡಿನಲ್ಲಿ ಇದು ನಡೆಯಿತು. ನಗರದಲ್ಲಿ ಕುಳಿತು ಇದಕ್ಕೆ ಛೀಮಾರಿ ಹಾಕುವುದು ಸುಲಭ. ಕಾಡಂಚಿನ ಬಡವನಿಗೆ ಒಂದು ಹಸುವೆಂದರೆ ಮಗಳ ಮದುವೆ, ಮಗನ ಶಾಲೆ, ಮನೆಯ ಹಾಲು. ಅದು ಸತ್ತಾಗ ಅವನಿಗೆ ಉಳಿದದ್ದು ಮಾರಲಾಗದ, ತಿನ್ನಲಾಗದ ಒಂದು ಹೆಣ, ಮತ್ತು ಪರಿಹಾರಕ್ಕೆ ಅರ್ಜಿ ಬರೆಯುವ ಹಕ್ಕು. ಅವನ ಸಿಟ್ಟಿಗೆ ಕಾರಣವಿದೆ. ಆದರೂ ಉಳಿದದ್ದರಲ್ಲಿ ವಿಷವಿಡುವುದು ಎದುರಿಗೆ ನಿಂತು ಕೊಲ್ಲುವುದಕ್ಕಿಂತ ಬೇರೆ ಬಗೆಯ ಪಾಪ. ಬಂದೂಕಿಗೆ ಒಂದು ಗುರಿಯಿರುತ್ತದೆ, ವಿಷಕ್ಕೆ ಇರುವುದಿಲ್ಲ. ಅದು ಹುಲಿಯನ್ನೂ ಮರಿಯನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಬಲಿಯ ದೌರ್ಬಲ್ಯವನ್ನಲ್ಲ, ನಂಬಿಕೆಯನ್ನು ಬಳಸಿಕೊಳ್ಳುತ್ತದೆ. ಅದೇ ಹನೂರು ಸೀಮೆಯ ಸುಳ್ವಾಡಿಯಲ್ಲಿ ೨೦೧೮ರ ಡಿಸೆಂಬರ್ ೧೪ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದು ೧೭ ಮಂದಿ ಪ್ರಾಣ ಬಿಟ್ಟರು. ಆ ಪ್ರಸಾದಕ್ಕೆ ವಿಷ ಬೆರೆತಿತ್ತು. ಅವರೂ ನಂಬಿ ಕೈ ಚಾಚಿದವರೇ.

ಈ ಮಾತುಗಳನ್ನು ನಮ್ಮ ಊಟದ ಮನೆಗೆ ಹಿಂದಕ್ಕೆ ತಂದರೆ ಸಿಗುವ ಪಾಠ ಸರಳ. ಒಂದು ವಸ್ತು ನಮ್ಮ ಹಸಿವನ್ನು ದಾಟಿದ ಮಾತ್ರಕ್ಕೆ ನಮ್ಮ ಹೊಣೆಯನ್ನು ದಾಟುವುದಿಲ್ಲ. ನಮಗೆ ಬೇಡವಾದದ್ದನ್ನು ಯಾರೋ ಒಬ್ಬರು ತಿನ್ನುತ್ತಾರೆ: ಹೆಂಡತಿ, ಕೆಲಸದಾಕೆ, ಬೀದಿಯ ದನ, ಕಸದ ಗುಂಡಿಯ ನಾಯಿ, ಆಕಾಶದ ಹಕ್ಕಿ. ಆಸೆ ಇರುವ ವಸ್ತುವಿನಲ್ಲಿ ನಾವೆಲ್ಲ ಎಚ್ಚರಿಕೆಯಿಂದಲೇ ನಡೆದುಕೊಳ್ಳುತ್ತೇವೆ. ನಮ್ಮ ನಿಜವಾದ ಗುಣ ಹೊರಬೀಳುವುದು ಆಸೆ ತೀರಿದ ವಸ್ತುವಿನಲ್ಲಿ. ಉಂಡವನ ಮುಖದ ತೃಪ್ತಿಗಿಂತ ಅವನು ಬಿಟ್ಟೆದ್ದ ಎಲೆ ಅವನ ವಿಷಯವನ್ನು ಹೆಚ್ಚು ಹೇಳುತ್ತದೆ.

ನಗರದ ಮನೆಗಳಲ್ಲಿ ಈಗ ಶೀತಪೆಟ್ಟಿಗೆ ಬಂದು ಪ್ರಶ್ನೆಯನ್ನು ಮುಂದೂಡುವುದು ಸುಲಭವಾಗಿದೆ. ಉತ್ತರ ಹೇಳಲು ಇದ್ದ ಒಂದು ರಾತ್ರಿಯ ಗಡುವು ನಾಲ್ಕು ದಿನವಾಗಿದೆ. ನಾಲ್ಕನೆಯ ದಿನ ಬಾಗಿಲು ತೆಗೆದು ಮೂಸಿ ನೋಡಿ ಎಸೆಯುವವರೇ ಹೆಚ್ಚು. ಪೆಟ್ಟಿಗೆ ಉಳಿದದ್ದನ್ನು ತಣ್ಣಗಿಡುತ್ತದೆ, ಉಳಿಸಿದ್ದಾಗಿ ಮಾಡುವುದಿಲ್ಲ. ಆ 'ಇಸು' ಪ್ರತ್ಯಯವನ್ನು ಮನುಷ್ಯನೇ ಹಚ್ಚಬೇಕು. ಅದಕ್ಕೆ ದೊಡ್ಡ ತಪಸ್ಸೇನೂ ಬೇಡ. ಮಿಕ್ಕ ಮಾಂಸವನ್ನು ನಾಳೆ ಸಣ್ಣಗೆ ಕೊಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಮೆಣಸಿನ ಪುಡಿಯೊಡನೆ ಒಳಗಿನವರೆಗೂ ಬಿಸಿಯಾಗುವಂತೆ ಹುರಿಯಿರಿ, ಅಥವಾ ಎಲುಬನ್ನು ಸಾರಿಗೆ ಬಿಡಿ. ಆದರೆ ಅದನ್ನು ಮಾಡಿದವರೇ ತಿನ್ನಿ, ಮನೆಯ ಗಂಡಸೂ ಕೂತು ತಿನ್ನಲಿ. ನಮ್ಮ ಲೆಕ್ಕ ತಪ್ಪಿದ್ದನ್ನು ನಮ್ಮ ಹೊಟ್ಟೆಯಲ್ಲೇ ಸರಿಪಡಿಸಿಕೊಳ್ಳುವುದು ಮರ್ಯಾದೆಯ ದಾರಿ. ಇನ್ನೊಬ್ಬರಿಗೆ ಕೊಡಬೇಕೆಂಬ ಮನಸ್ಸಿದ್ದರೆ ಊಟಕ್ಕೆ ಕೂರುವ ಮೊದಲೇ, ಪಾತ್ರೆ ಇನ್ನೂ ತುಂಬಿರುವಾಗ, ಹಬೆ ಇನ್ನೂ ಏಳುತ್ತಿರುವಾಗ, ಒಂದು ಒಳ್ಳೆಯ ತುಂಡನ್ನು ಬೇರೆ ತಟ್ಟೆಗೆ ಎತ್ತಿಡಿ. ಆ ತುಂಡಿನ ಮೇಲೆ ನಿಮಗೂ ಆಸೆಯಿರಬೇಕು. ಆಸೆಯಿಲ್ಲದ ತುಂಡನ್ನು ಎತ್ತಿಟ್ಟರೆ ವ್ಯಾಕರಣ ಸರಿಹೋದೀತು, ನೀತಿ ಸರಿಹೋಗದು.